ಗಾಳಿ ಪೆಟ್ಟಿಗೆ

ಪೆಮ್ಮಯ್ಯ ತಂದದ್ದು ಒಂದು ಕೆಂಪು ಶಂಕು,
ಕೈಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿ.
"ಮೊಯ್ದುಕ್ಕಾ, ಇದನ್ನು ಹಾಕಿಬಿಡು, ಗಾಡಿ ಉಸಿರಾಡಲಿ."
ಹದಿನಾಲ್ಕು ಸಾವಿರ.
ಕರಿಮೆಣಸು ಮಾರಿದ ದುಡ್ಡು, ಅಮ್ಮನಿಗೆ ಹೇಳಿಲ್ಲ.

ಗೋಣಿಕೊಪ್ಪದಲ್ಲಿ ನನ್ನ ಶೆಡ್ಡಿಗೆ ಬೋರ್ಡಿಲ್ಲ.
"ಹಂದಿ ಅಂಗಡಿ ದಾಟಿದ ಮೇಲೆ ಎಡಕ್ಕೆ" ಅಂತ
ದಾರಿ ಹೇಳುವಾಗ ನನಗೇ ನಗು.
ಇಲ್ಲಿ ಮೂವತ್ತೊಂದು ವರ್ಷ
ಗಾಡಿಗಳ ಮೂಗು ಬಿಚ್ಚಿ ನೋಡಿದ್ದೇನೆ.
ಕುಟ್ಟದ ಜೀಪಿನೊಳಗೆ ಬಿದಿರಿನ ಎಲೆ,
ಹೂವಿನ ಕಾಲದಲ್ಲಿ ಬಂದ ಯಾವ ಕಾರಿನಲ್ಲೂ
ಫಿಲ್ಟರಿನ ಮಡಿಕೆಗೆ ಸಿಕ್ಕ ಕಾಫಿ ಎಸಳು,
ಅದರ ಬೆನ್ನು ಹತ್ತಿ ಬಂದು ಸತ್ತ ಜೇನು.
ಡಾಕ್ಟರಮ್ಮನ ಕಾರಿನಲ್ಲಿ
ಇಲಿ ಬಚ್ಚಿಟ್ಟ ಹನ್ನೊಂದು ಕಡಲೆಬೀಜ.
ಎಲ್ಲಿಗೆ ಹೋಗಿದ್ದೆ ಅಂತ ಯಾರನ್ನೂ ಕೇಳುವುದಿಲ್ಲ ನಾನು.

ಅವನಿಗೆ ಹೇಳಿದೆ: ಇದು ಕಾರ್ಬುರೇಟರಿನ ಕಾಲವಲ್ಲ ಮಗಾ.
ಈ ಕರಿ ಡಬ್ಬಿಯ ಬಾಯನ್ನು ಕಂಪನಿಯವರು
ಹೆಡ್‌ಲೈಟಿನ ಹಿಂದೆ, ತಂಪು ಸಿಗುವ ಕಡೆ ಇಟ್ಟಿದ್ದಾರೆ.
ನಿನ್ನ ಶಂಕು ಕೂರುವುದು ಇಂಜಿನ್ನಿನ ಪಕ್ಕೆಗೆ ಅಂಟಿ,
ಅದು ಕುಡಿಯುವುದು ಒಲೆಯ ಮೇಲಿನ ಬಿಸಿ.
ಒಳಗೊಂದು ಕೂದಲಿನಂಥ ತಂತಿ ಗಾಳಿಯನ್ನು ಅಳೆಯುತ್ತದೆ,
ಅದರ ಲೆಕ್ಕ ನೋಡಿ ಕಂಪ್ಯೂಟರು ಪೆಟ್ರೋಲು ಬಡಿಸುತ್ತದೆ.
ಬಾಯಿ ಅಗಲ ಮಾಡಿದರೆ ಹೊಟ್ಟೆ ಹಿಗ್ಗುತ್ತದಾ?

ತಲೆಯಾಡಿಸಿದ. ತಲೆಯಾಡಿಸುತ್ತಲೇ
ಸ್ಪ್ಯಾನರು ಎತ್ತಿ ಕೊಟ್ಟ.

ಮಾಕುಟ್ಟದ ಚೆಕ್‌ಪೋಸ್ಟಿನಿಂದ ಪೆರುಂಬಾಡಿವರೆಗೆ
ಘಾಟಿ ಏರಿದೆವು, ನನ್ನ ಕೈಯಲ್ಲಿ ಮೊಬೈಲಿನ ಗಡಿಯಾರ.
ಹಳೇ ಡಬ್ಬಿಯಲ್ಲಿ ಇಪ್ಪತ್ತೊಂಬತ್ತು ನಿಮಿಷ.
ಶಂಕು ಹಾಕಿ ಮಟಮಟ ಮಧ್ಯಾಹ್ನ, ಮೂವತ್ತು.
ಮರದ ಲಾರಿ ಅಡ್ಡ ಬಂತು ಅಂತ ಅವನ ವಾದ.
ಮರುದಿನ ನಸುಕಿಗೆ ಮತ್ತೆ. ಇಪ್ಪತ್ತೆಂಟು!
ಅವನು ರಸ್ತೆಯಲ್ಲೇ ಕುಣಿದ.
ನೋಡು, ನಮ್ಮ ಬಾಯಿಂದ ಹೊಗೆ ಬರುತ್ತಿದೆ, ಅಂದೆ,
ಗೆದ್ದದ್ದು ಈ ಚಳಿ.
ಅದು ಪುಕ್ಕಟೆ.

ಆದರೆ ಸುಳ್ಳು ಹೇಳಲಾರೆ.
ಮೂರನೇ ಗೇರಿನಲ್ಲಿ, ತಿರುವು ದಾಟಿ ಅವನು ಕಾಲೊತ್ತಿದಾಗ
ಶಂಕು ಎಳೆದ ಆ ಉಸಿರಿಗೆ
ಐವತ್ತೆಂಟರ ನನ್ನ ಮೈ ಜುಂ ಎಂದಿತು,
ಕಾಡಿನೊಳಗಿಂದ ಏನೋ ದೊಡ್ಡದು
ನಮ್ಮನ್ನು ಮೂಸಿದ ಹಾಗೆ.
ಅವನಿಗೆ ಹೇಳಲಿಲ್ಲ.

ಫೆಬ್ರವರಿಯಲ್ಲಿ ಬಂದ, ಹಳದಿ ದೀಪ ಹತ್ತಿಸಿಕೊಂಡು.
ಶಂಕಿಗೆ ಸವರಿದ್ದ ಎಣ್ಣೆ ತಂತಿಗೆ ಹತ್ತಿ ಲೆಕ್ಕ ತಪ್ಪಿತ್ತು,
ಅದರ ಮೇಲೆ ಕಾಫಿ ಕಣದ ಧೂಳು.
ಧೂಳು ನನಗೂ ಆಗದು,
ಪಂಪು ಎರಡು ಸಲ ಸೇದಿ ತಂತಿ ತೊಳೆದೆ.
"ಹಳೇ ಪೆಟ್ಟಿಗೆ ತಾ" ಅಂದೆ.
ಅವನು ಚಪ್ಪಲಿ ನೋಡಿಕೊಂಡ.
"ಅದರಲ್ಲಿ ಕೋಳಿ ಕೂತಿದೆ, ಮೊಯ್ದುಕ್ಕಾ."

ಸೌದೆ ಕೊಟ್ಟಿಗೆಗೆ ಬಿಸಾಕಿದ್ದ ಡಬ್ಬಿಯಲ್ಲಿ
ಬೊಳ್ಳಮ್ಮಕ್ಕನ ನಾಟಿಕೋಳಿ
ಐದು ಮೊಟ್ಟೆಗೆ ಕಾವು ಕೊಡುತ್ತಿತ್ತು.
ಫೋನಿನಲ್ಲೇ ಗದರಿದರು:
"ಮರಿ ಆಗುವ ತನಕ ಯಾರೂ ಮುಟ್ಟುವ ಹಾಗಿಲ್ಲ."
ಹದಿನಾಲ್ಕು ಸಾವಿರದ ಸಂಗತಿ ಅವರಿಗೆ ತಿಳಿದದ್ದೂ ಆಗಲೇ.
ಆ ಭಾಗ ಬೇಡ.

ಡಬ್ಬಿಯ ಒಳಮೈಯ ಆ ಬಳುಕಿಗೆ
ಯಾವ ಇಂಜಿನಿಯರು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದನೋ,
ಗಾಳಿ ತಡವರಿಸದೆ ನುಣ್ಣಗೆ ಜಾರಲೆಂದು.
ಕೋಳಿಗೂ ಅದು ಸರಿಹೋಯಿತು.

ಹನ್ನೆರಡು ದಿನ ಕಾರು ನನ್ನಲ್ಲೇ ನಿಂತಿತ್ತು.
ಹೂಮಳೆ ಬಿತ್ತು, ತೋಟಗಳು ಬೆಳ್ಳಗಾದವು,
ಪೆಟ್ಟಿಗೆ ಬಂತು: ಮೂಲೆಯಲ್ಲಿ ಪುಕ್ಕ, ಚಿಪ್ಪಿನ ಚೂರು, ಹಿಕ್ಕೆ.
ತೊಳೆದು, ಬಿಸಿಲಿಗಿಟ್ಟು,
ನಾನೂರೈವತ್ತರ ಕಾಗದದ ಫಿಲ್ಟರು ಕೂರಿಸಿದೆ.
ನಾಲ್ಕು ಕ್ಲಿಪ್ಪು. ಟಕ್, ಟಕ್, ಟಕ್.
ಒಂದು ಮುರಿದಿತ್ತು, ತಂತಿ ಕಟ್ಟಿದೆ.

ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕೂತ.
"ಸತ್ತ ಹಾಗಿದೆ" ಅಂದ.
"ಓಡುತ್ತಿದೆ" ಅಂದೆ.

ಶಂಕು ನನ್ನ ಕಪಾಟಿನ ಮೇಲಿದೆ,
ಅರ್ಧ ಬೆಲೆಗೂ ಗಿರಾಕಿಯಿಲ್ಲ.
ಹಾಕಿಸಿದರೆ ಪ್ರಯೋಜನ ಉಂಟಾ ಅಂತ ಹುಡುಗರು ಕೇಳಿದರೆ
ಇಲ್ಲ ಅನ್ನುತ್ತೇನೆ, ಖಡಾಖಂಡಿತ.
ಅವರ ಗಾಡಿ ಪೊನ್ನಂಪೇಟೆ ಕಡೆ ತಿರುಗಿದ ಮೇಲೆ
ನನ್ನ ಹಳೇ ವ್ಯಾನಿನ ಬಾನೆಟ್ಟು ಎತ್ತಿ
ಪೈಪಿನ ಬಾಯಿ ಅಳೆಯುತ್ತೇನೆ.
ಎರಡೂವರೆ ಇಂಚು.
ಕೂರುತ್ತದೆ.